ಕಂಡದ್ದಷ್ಟೇ ಬರೆದವರು

ನನ್ನ ಗಂಡನಿಗೆ ಮನಶ್ಶಾಂತಿ ಸಿಕ್ಕಿದ್ದು ಅಡುಗೆಮನೆಯ ಕಿಟಕಿಯಲ್ಲಿ. ಇಪ್ಪತ್ತೆಂಟು ವರ್ಷ ಅದೇ ಕಿಟಕಿಯ ಮುಂದೆ ನಿಂತು ಪಾತ್ರೆ ತೊಳೆದ ನನಗೆ ಅಲ್ಲಿ ಸಿಕ್ಕಿದ್ದು ಸೊಂಟನೋವು. ಅವರವರ ಹಣೆಬರಹ ಎಂದುಕೊಂಡು ಸುಮ್ಮನಿರಬಹುದಿತ್ತು. ಸುಮ್ಮನಿರುವ ಜಾಯಮಾನ ನನ್ನದಲ್ಲ.

ಇದೆಲ್ಲ ಶುರುವಾದದ್ದು ಇವರ ರಕ್ತದೊತ್ತಡದಿಂದ. ಅದನ್ನು ಮೊದಲು ಕಂಡುಹಿಡಿದವಳು ನಾನು. ಶೂ ಲೇಸು ಕಟ್ಟಿ ಮೇಲೇಳುವಾಗ ಇವರ ಕಿವಿಯ ತುದಿ ಕೆಂಪಾಗುತ್ತಿತ್ತು. ನಾಲ್ಕು ದಿನ ನೋಡಿದೆ. ಐದನೆಯ ದಿನ ರಟ್ಟೆ ಹಿಡಿದು ಡಾಕ್ಟರ ಬಳಿ ಎಳೆದುಕೊಂಡು ಹೋದೆ. ಅವರು ಗುಳಿಗೆ ಬರೆದುಕೊಟ್ಟು, "ಇದೊಂದೇ ಸಾಲದು. ದಿನಾ ಅರ್ಧ ಗಂಟೆ ಸುಮ್ನೆ ಕೂತು ಗಿಡಾನೋ ಮರಾನೋ ನೋಡಿ. ದೂರ ಎಲ್ಲೂ ಹೋಗೋದು ಬೇಡ, ಮನೆ ಹತ್ರ ಇರೋದನ್ನೇ ನೋಡಿ. ತಲೆ ತಣ್ಣಗಾಗುತ್ತೆ" ಎಂದರು.

ಇವರ ಕೆಲಸ ಗೋಡೆಯ ಬಿರುಕು ನೋಡುವುದು. ಹಳೆಯ ಕಟ್ಟಡ ಬಿರುಕು ಬಿಟ್ಟರೆ ಅದರ ಮೇಲೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ, ತಾರೀಖು ಹಾಕಿ, ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಾರೆ. ಗಾಜು ಒಡೆದಿದ್ದರೆ ಗೋಡೆ ಇನ್ನೂ ಜರುಗುತ್ತಿದೆ ಎಂದರ್ಥ. ಆದರೆ ಇವರು ಹಾಗೆ ಬರೆಯುವಂತಿಲ್ಲ. 'ಗಾಜು ಒಡೆದಿದೆ' ಎಂದಷ್ಟೇ ಬರೆಯಬೇಕು. ಯಾಕೆ ಒಡೆಯಿತು, ಮುಂದೇನು ಮಾಡಬೇಕು ಎಂದು ಹೇಳುವುದು ಮೇಲಿನ ಎಂಜಿನಿಯರರ ಕೆಲಸ. "ಕಂಡದ್ದು ಬರಿ, ಕಾರಣ ಬರೀಬೇಡ" ಎಂದು ಕೆಲಸಕ್ಕೆ ಸೇರಿದ ದಿನ ಯಾರೋ ಹೇಳಿಕೊಟ್ಟರಂತೆ. ಅಂದಿನಿಂದ ಅದೇ ಗಿಣಿಪಾಠ. ಮನೆಯಲ್ಲೂ ಅಷ್ಟೇ. "ಇವತ್ತು ಉಪ್ಪು ಜಾಸ್ತಿಯಾಗಿದೆ" ಎಂದರೆ ಅದು ಬೈಗುಳವಲ್ಲ, ದೂರಲ್ಲ, ಬರೀ ವರದಿ.

ನಮ್ಮ ಹಿತ್ತಿಲ ಗೋಡೆಯಾಚೆ ಹೇಳುವವರು ಕೇಳುವವರು ಇಲ್ಲದ ಒಂದು ಅಂಜೂರದ ಮರವಿದೆ. ಇವರು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಆಫೀಸಿನ ಹಳೆಯ ನೋಟುಬುಕ್ಕೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮಳೆ ಆಗಷ್ಟೇ ನಿಂತಿತ್ತು. 'ಬೆಳಗ್ಗೆ 6.40. ಗೋಡೆಯ ಕಡೆಯ ಕೊಂಬೆಯಲ್ಲಿ ಮೂರು ಎಲೆ ಹಳದಿಯಾಗಿವೆ.' ಕೆಳಗೆ ಸಹಿ. ಯಾರಾದರೂ ಮರ ನೋಡಿ ಸಹಿ ಹಾಕುವುದುಂಟೇ ಎಂದು ನಾನು ನಕ್ಕೆ.

ನಗೆಯೆಲ್ಲ ಒಂದು ತಿಂಗಳು. ಇವರ ಒತ್ತಡ ನಿಜಕ್ಕೂ ಇಳಿಯಿತು. ಮೊದಲೆಲ್ಲ ಆಫೀಸಿನಿಂದ ಬಂದವರೇ ಚೀಲ ಬಿಸಾಡುತ್ತಿದ್ದರು, ಈಗ ಚೀಲವನ್ನು ಮೊಳೆಗೆ ತೂಗುಹಾಕಿ ಮರದ ಮುಂದೆ ಕೂರತೊಡಗಿದರು. ಇರುವೆ ಸಾಲು ಯಾವ ಹೊತ್ತಿಗೆ ಹತ್ತುತ್ತದೆ, ಗುಬ್ಬಿ ಎಷ್ಟು ಸಲ ಬಂತು, ಬಿಸಿಲು ಯಾವ ಕೊಂಬೆ ಮುಟ್ಟಿದಾಗ ಎಷ್ಟು ಗಂಟೆ, ಎಲ್ಲ ಆ ನೋಟುಬುಕ್ಕಿಗೆ ಏರಿತು. ಅವರ ಮುಖ ಸಡಿಲವಾಯಿತು. ಮದುವೆಯಾದ ಹೊಸದರಲ್ಲೂ ನಾನು ಆ ಮುಖ ನೋಡಿರಲಿಲ್ಲ. ಮರದ ಮೇಲೆ ಹೊಟ್ಟೆಕಿಚ್ಚುಪಟ್ಟೆಯಾ ಎಂದು ಕೇಳಿದರೆ, ಹೌದು, ಪಟ್ಟೆ.

ನಾನು ಬಟ್ಟೆ ಹೊಲಿಯುವ ಅಂಗಡಿಗೆ ಗುಂಡಿ, ಕಾಜಾ ಹಾಕಿಕೊಡುವವಳು. ಒಂದು ಬೆಳಗ್ಗೆ ಬಾಗಿಲ ಚೌಕಟ್ಟು ಎಡಭುಜಕ್ಕೆ ಬಡಿಯಿತು. ಮರುವಾರ ಮತ್ತೆ ಬಡಿಯಿತು. ಒಂದು ದಿನ ಬಲಗಣ್ಣಿಗೆ ಕಸ ಬಿದ್ದು ಉಜ್ಜಿಕೊಳ್ಳುವಾಗ ಎಡಗಣ್ಣಲ್ಲಿ ಅಡುಗೆಮನೆ ಅರ್ಧವೇ ಇತ್ತು. ಒಲೆ ಇತ್ತು, ನಲ್ಲಿ ಇರಲಿಲ್ಲ. ನೋವಿಲ್ಲ, ಉರಿಯಿಲ್ಲ. ಸೂಜಿಗೆ ದಾರ ಆಗಲೂ ಒಂದೇ ಸಲಕ್ಕೆ ಪೋಣಿಸುತ್ತಿದ್ದೆ. ಅಂಥವಳ ಕಣ್ಣು ಹೋಗುತ್ತಿದೆ ಎಂದರೆ ಯಾರು ನಂಬುತ್ತಾರೆ?

ಇವರಿಗೆ ಹೇಳಬೇಕೆಂದು ಹೋದೆ. ಕಿಟಕಿಯ ಹತ್ತಿರ ಕೂತಿದ್ದರು. "ಶ್, ಅಳಿಲು ಬಂದಿದೆ" ಎಂದರು.

ಅಲ್ಲೇ ನನ್ನೊಳಗೆ ಹಟ ಹುಟ್ಟಿತು. ಇವರ ಕಿವಿ ಕೆಂಪಾದದ್ದನ್ನು ನಾನು ಯಾರೂ ಹೇಳದೆ ಕಂಡುಹಿಡಿದೆ. ನನ್ನ ಕಣ್ಣು ಕುಂದಿದ್ದನ್ನು ಇವರೂ ಹಾಗೇ ಕಂಡುಹಿಡಿಯಲಿ. ಎಲೆ ಎಣಿಸುವವರಿಗೆ ಹೆಂಡತಿ ಕಾಣುವುದಿಲ್ಲವೇ, ನೋಡೇಬಿಡೋಣ. ಹೇಳುವುದಿಲ್ಲ ಎಂದು ತುಟಿ ಹೊಲಿದುಕೊಂಡೆ.

ಚಳಿ ಬಂತು. ಮರ ಬೋಳಾಯಿತು. ನಾನು ಲೋಟದ ಪಕ್ಕಕ್ಕೆ ನೀರು ಸುರಿದೆ. ಇವರು ತಲೆ ಎತ್ತಿ ನೋಡಿ, ಮತ್ತೆ ನೋಟುಬುಕ್ಕಿಗೆ ತಲೆ ತಗ್ಗಿಸಿದರು. ಮರ ಚಿಗುರಿತು. ಒಂದು ಬೆಳಗ್ಗೆ ಕರೆದರು.

"ಬಾರೇ ಇಲ್ಲಿ. ಗುಬ್ಬಿ ಕಡ್ಡಿ ತಂದಿದೆ ನೋಡು, ಎಡಗಡೆ."

"ಎಲ್ಲಿ?"

"ಎಡಗಡೆ ಅಂದ್ರೆ ಬಲಗಡೆ ನೋಡ್ತೀಯಲ್ಲ."

"ನನಗೆ ಕಾಣ್ತಿಲ್ಲ ರೀ."

ಇದಕ್ಕಿಂತ ಬಿಡಿಸಿ ಹೇಳುವುದುಂಟೇ? ಇವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಈಗ ಕೇಳುತ್ತಾರೆ ಎಂದು ಕಾದೆ. "ಹಾರಿಹೋಯ್ತು ಬಿಡು" ಎಂದು ಪೆನ್ನು ತೆಗೆದುಕೊಂಡರು. ಗುಬ್ಬಿಯ ವಿಷಯ ಬರೆಯುತ್ತಿದ್ದಾರೆ ಎಂದುಕೊಂಡು ಒಳಗೊಳಗೇ ಕುದಿಯುತ್ತ ಒಲೆಗೆ ಹಿಂದಿರುಗಿದೆ.

ಕೊನೆಗೆ ಕಂಡುಹಿಡಿದದ್ದು ಅಂಗಡಿಯ ಕಟಿಂಗ್ ಮಾಸ್ತರ. ಅವನು ಬಟ್ಟೆ ಕತ್ತರಿಸುವವನು, ನನಗೂ ಅವನಿಗೂ ಅಳತೆಯಾಚೆ ಎರಡು ಮಾತಿಲ್ಲ. "ಅಕ್ಕಾ, ಮೂರು ಸಲ ಆಯ್ತು. ನಿಮ್ಮ ಎಡಗಡೆ ಇಟ್ಟ ಬಟ್ಟೆ ಗಂಟು ಬಿಟ್ಟೇ ಹೋಗ್ತಿದ್ದೀರ. ಕಣ್ಣು ತೋರಿಸ್ಕೊಳಿ" ಎಂದ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಕಣ್ಣಿಗಾಗಿ ಅಳಲಿಲ್ಲ. ಕಟ್ಟಿಕೊಂಡವರಿಗೆ ಕಾಣದ್ದು ಕತ್ತರಿ ಹಿಡಿದವನಿಗೆ ಕಂಡಿತಲ್ಲ ಎಂದು ಅತ್ತೆ.

ಕಣ್ಣಿನ ಡಾಕ್ಟರಮ್ಮನ ಹತ್ತಿರ ಇವರೂ ಬಂದರು. ಅವರು ಯಂತ್ರಕ್ಕೆ ನನ್ನ ಗಲ್ಲ ಒರಗಿಸಿ, ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿ, "ಕಣ್ಣೊಳಗೆ ಒತ್ತಡ ಜಾಸ್ತಿ ಆಗಿದೆ, ಎಡಗಣ್ಣಿನ ನರ ಬಹುಪಾಲು ಸತ್ತಿದೆ" ಎಂದರು. ಇವರ ಮೈಯಿಂದ ಇಳಿದ ಒತ್ತಡ ಎಲ್ಲಿಗೆ ಹೋಯಿತೆಂದು ಈಗ ಗೊತ್ತಾಯಿತು ಎಂದು ಹೇಳಿ ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

"ಯಾವಾಗಿಂದ ಹೀಗಾಗ್ತಿದೆ?"

"ತಾರೀಖು ಗೊತ್ತಿಲ್ಲ" ಎಂದೆ.

ಇವರು ಚೀಲಕ್ಕೆ ಕೈಹಾಕಿ ನೋಟುಬುಕ್ಕು ತೆಗೆದರು. ಮರದ ವಿಷಯ ಇಲ್ಲಿಯೂ ಹೇಳಹೊರಟರೇ ಎಂದು ನನಗೆ ನಾಚಿಕೆಯಾಯಿತು. ಇವರು ಪುಟ ಮಗುಚಿ, ವರದಿ ಓದುವ ದನಿಯಲ್ಲಿ ಓದತೊಡಗಿದರು.

"ಹನ್ನೊಂದನೇ ತಾರೀಖು, ಬೆಳಗ್ಗೆ ಏಳು. ಮೊದಲ ಚಳಿ. ಇಪ್ಪತ್ತೊಂದು ಎಲೆ ಉದುರಿವೆ. ಇವಳ ಎಡಭುಜ ಚೌಕಟ್ಟಿಗೆ ಬಡಿಯಿತು. ಹದಿನೆಂಟು, ಮತ್ತೆ ಬಡಿಯಿತು. ಮುಂದಿನ ತಿಂಗಳು ಎರಡನೇ ತಾರೀಖು. ಮರ ಪೂರ್ತಿ ಬೋಳು. ಲೋಟದ ಎಡಗಡೆ ನೀರು ಸುರಿದಳು. ಇಪ್ಪತ್ತಾರು, ಕರೆದಾಗ ಇಡೀ ತಲೆ ತಿರುಗಿಸಿ ನೋಡುತ್ತಾಳೆ, ಮೊದಲು ಕಣ್ಣಷ್ಟೇ ತಿರುಗಿಸುತ್ತಿದ್ದಳು. ಚಿಗುರು ಬಂದಿದೆ. ಗುಬ್ಬಿ ತೋರಿಸಿದೆ. ಕಾಣ್ತಿಲ್ಲ ಅಂದಳು."

ಡಾಕ್ಟರಮ್ಮ ನೋಟುಬುಕ್ಕನ್ನು ತೆಗೆದುಕೊಂಡು ತಾವೇ ಓದಿದರು. ಬೆರಳು ಮಡಚಿ ತಿಂಗಳು ಎಣಿಸಿದರು. "ಐದು ತಿಂಗಳು. ಮೊದಲನೇ ಸಲ ಬರೆದಾಗಲೇ ಕರ್ಕೊಂಡು ಬಂದಿದ್ರೆ ದಿನಕ್ಕೆರಡು ಹನಿ ಔಷಧಿಯಲ್ಲಿ ಬಹಳಷ್ಟು ಉಳೀತಿತ್ತು. ಈಗ ಎಡಗಣ್ಣಲ್ಲಿ ನಡುವೆ ಒಂದು ಕಿಂಡಿಯಷ್ಟು ಉಳಿದಿದೆ. ಹೋದದ್ದು ವಾಪಸ್ ಬರಲ್ಲ. ಬಲಗಣ್ಣು ಉಳಿಸ್ಕೊಳ್ಳೋಣ" ಎಂದರು.

ಹೊರಗೆ ಬಂದು ರಸ್ತೆ ದಾಟಲು ನಿಂತೆವು. ಇವರು ನನ್ನ ಎಡತೋಳು ಹಿಡಿದುಕೊಂಡರು.

"ಎಲ್ಲಾ ಕಂಡಿತ್ತಲ್ಲ ರೀ. ಒಂದ್ಸಲ ಕೇಳಬಾರದಿತ್ತಾ?"

"ನನಗೇನು ಗೊತ್ತಾಗತ್ತೆ ಅಂತ ಬರೆದಿಟ್ಟೆ. ಏನಾದ್ರೂ ಇದ್ರೆ ನೀನೇ ಹೇಳ್ತೀಯ ಅಂದ್ಕೊಂಡೆ." ನನ್ನ ಕಡೆ ತಿರುಗಿ ಕೇಳಿದರು, "ನಿನಗೆ ಗೊತ್ತಿತ್ತಾ?"

"ರಸ್ತೆ ಖಾಲಿ ಇದೆ, ದಾಟೋಣ" ಎಂದೆ. ಅದೇ ಇವರಿಗೆ ಉತ್ತರವಾಯಿತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆಯನ್ನು ನಾನೇ ಊರಿಗೆಲ್ಲ ಹೇಳಿದವಳು.

ಅಷ್ಟೂ ದಿನ ಇವರು ನನ್ನನ್ನು ನೋಡುತ್ತಲೇ ಇದ್ದರು. ನಾನು ಸುಳ್ಳು ಹೇಳುವುದಿಲ್ಲ, ಅದು ತಿಳಿದಾಗ ಒಂದು ಕ್ಷಣ ನನಗೆ ಸಂತೋಷವಾಯಿತು. ಆಮೇಲೆ ಆ ಸಂತೋಷಕ್ಕೆ ನಾನು ತೆತ್ತದ್ದು ನೆನಪಾಗಿ ಬಾಯಿ ಕಹಿಯಾಯಿತು.

ಈಗ ಬೇಸಿಗೆ. ಅಂಜೂರ ಹಣ್ಣಾಗಿದೆ. ಬೆಳಗ್ಗೆ ಹನಿ ಹಾಕಿಕೊಂಡು ಐದು ನಿಮಿಷ ಕಣ್ಣು ಮುಚ್ಚಿ ಕಿಟಕಿಯ ಹತ್ತಿರ ಕೂರುತ್ತೇನೆ. ಹಣ್ಣು ಹಿತ್ತಿಲ ತಗಡಿನ ಮಾಡಿನ ಮೇಲೆ ಬೀಳುವುದು, ಹಕ್ಕಿಗಳು ಅದಕ್ಕಾಗಿ ಕಿತ್ತಾಡುವುದು ಕೇಳಿಸುತ್ತದೆ. ಗಾಳಿಗೆ ಆ ದಪ್ಪ ಎಲೆಗಳು ಒಂದಕ್ಕೊಂದು ಉಜ್ಜುತ್ತವೆ. ಆ ಐದು ನಿಮಿಷ ಯಾರ ಮೇಲೂ ಸಿಟ್ಟಿರುವುದಿಲ್ಲ, ನನ್ನ ಮೇಲೂ ಇರುವುದಿಲ್ಲ. ಕಣ್ಣು ಬಿಟ್ಟರೆ ಎಲ್ಲ ವಾಪಸ್ಸು ಬರುತ್ತದೆ.

ಇವರು ಬರೆಯುವುದನ್ನು ಬಿಟ್ಟಿದ್ದಾರೆ. ರಕ್ತದೊತ್ತಡ ಮತ್ತೆ ಏರಿ ಗುಳಿಗೆಯೂ ಎರಡಾಗಿದೆ. "ಹೋಗಿ ನಿಮ್ಮ ಮರ ನೋಡ್ಕೊಳಿ" ಎಂದು ಗದರಿದರೂ ಮರದ ಕಡೆ ತಿರುಗುವುದಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದು ಕೂರುತ್ತಾರೆ, ಯಾವಾಗಲೂ ಎಡಗಡೆಗೇ. ಬಲಗಡೆ ಬೇಕಾದಷ್ಟು ಜಾಗವಿದೆ. ಮೊದಮೊದಲು ನನ್ನ ಭುಜಕ್ಕೆ ಏನೂ ಬಡಿಯದಿರಲಿ ಎಂದು ಅಲ್ಲಿ ಕೂರುತ್ತಾರೆ ಎಂದುಕೊಂಡಿದ್ದೆ. ಮೂಗು ಎಳೆದುಕೊಳ್ಳುವ ಸದ್ದು ಕೇಳಿದ ಮೇಲೆ ಗೊತ್ತಾಯಿತು, ಅಲ್ಲಿ ಕೂತು ಅತ್ತರೆ ನನಗೆ ಕಾಣುವುದಿಲ್ಲ. ನಾನು ಆ ಕಡೆಗೆ ತಲೆ ತಿರುಗಿಸುವುದಿಲ್ಲ.