ಗಾರ್ಡ ಕಸಿದ ಕತ್ತಿ

ಅರವತ್ತೊಂದನೇ ಇಸವಿಯ ಮಾತು. ನನಗೆ ಹದಿನೇಳು. ಮಾವಳ್ಳಿಯಿಂದ ಕುಮಟೆ ಹತ್ತಿರದ ಏಳು ಮನೆಯ ಕೊಪ್ಪಕ್ಕೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆಗ ಲೋಕದಲ್ಲಿ ನನಗಿದ್ದ ದೊಡ್ಡ ಹೆದರಿಕೆ ಅಂದರೆ ಅತ್ತೆ ಗಣಪಿಯದು. ಒಂದು ಮೆಣಸಿನಕಾಯಿ ಕಡಿಮೆಯಾದರೂ ಇಡೀ ಕೊಪ್ಪಕ್ಕೆ ಕೇಳುವಂತೆ ಬೈಯುವ ಹೆಂಗಸು.

ಗದ್ದೆಗೆ ಹಾಕುವ ಸೊಪ್ಪು ತರಲು ನಾವು ಆರೇಳು ಹೆಂಗಸರು ದಿನಾ ಗುಡ್ಡ ಹತ್ತುತ್ತಿದ್ದೆವು. ಜೊತೆಗೆ ಮಾಸ್ತಮ್ಮಜ್ಜಿ. ಹಲ್ಲಿಲ್ಲದ ಮುದುಕಿ, ಬಾಯಿ ಮಾತ್ರ ಜೋರು. ಯಾವ ಶಾಲೆಯಲ್ಲೂ ಹೇಳಿಕೊಡದ ಪಾಠವನ್ನು ಅವಳು ನಮಗೆ ಹೇಳಿಕೊಟ್ಟಳು. ಒಬ್ಬಳು ಹಾಡಿದರೆ ಮರದ ಆಚೆಯವಳು ಮುಂದಿನ ಸಾಲು ಎತ್ತಿಕೊಳ್ಳಬೇಕು. ಎತ್ತಿಕೊಳ್ಳದಿದ್ದರೆ ಎಲ್ಲರೂ ಸೊಪ್ಪು ಬಿಟ್ಟು ಅವಳಿದ್ದ ಕಡೆ ಓಡಬೇಕು. ಗಂಡಸು ಕೈ ಹಿಡಿದರೆ ಸುಮ್ಮನೆ ಜಗ್ಗಬಾರದು, ಅವನ ಹೆಬ್ಬೆರಳಿನ ಕಡೆಗೆ ಮಣಿಕಟ್ಟು ತಿರುಗಿಸಿ ಕಿತ್ತುಕೊಳ್ಳಬೇಕು. ಕಣ್ಣಿಗೆ ಮಣ್ಣು, ಮೊಣಕಾಲಿಗೆ ಒದೆ, ಆಮೇಲೆ ಓಟ. "ನಿಂತ್ಕಂಡು ಬೈಬೇಡಿ. ಬೈಯೂದು ಮನೇಲಿ ಕೂತ್ಕಂಡು," ಎನ್ನುತ್ತಿದ್ದಳು. ನಾನು ನನ್ನ ಓರಗೆಯ ಮಾದಿಯ ಕೈ ಹಿಡಿಯುವುದು, ಅವಳು ಬಿಡಿಸಿಕೊಳ್ಳುವುದು, ಇಬ್ಬರೂ ಸೊಪ್ಪಿನ ಹೊರೆಯ ಮೇಲೆ ಬಿದ್ದು ನಗುವುದು, ಹೀಗಿತ್ತು ನಮ್ಮ ಕಲಿಕೆ.

ಕೊನೆಯ ಪಾಠಕ್ಕೆ ಮಾತ್ರ ಯಾರೂ ನಗುತ್ತಿರಲಿಲ್ಲ. ಗುಡ್ಡ ಕಾಯುವ ಗಾರ್ಡ, ಹೆಂಗಸು ಒಂಟಿಯಾಗಿ ಸಿಕ್ಕರೆ ಸೊಪ್ಪು ಕಡಿಯುವ ಕತ್ತಿ ಕಸಿದುಕೊಂಡು, ನಾಳೆ ಚೌಕಿಗೆ ಬಂದು ತಗೊಂಡು ಹೋಗು ಎನ್ನುತ್ತಿದ್ದ. "ಹೋಗ್ಬೇಡಿ. ಅದು ಬರೀ ಕಬ್ಬಿಣ. ಹೋದ್ರೆ ಹೋತು," ಎಂದಳು ಅಜ್ಜಿ.

ಅಜ್ಜಿಗೇನು, ಹೇಳಿಬಿಟ್ಟಳು. ಮನೆಯಲ್ಲಿ ಉತ್ತರ ಕೊಡಬೇಕಾದವಳು ನಾನಲ್ಲವೇ? ಕತ್ತಿ ಕೈಗೆ ಕೊಟ್ಟ ದಿನವೇ ಅತ್ತೆ, "ಇದಿಲ್ದೆ ಮನೆ ಹತ್ಬೇಡ" ಎಂದಿದ್ದಳು.

ಒಂದು ದಿನ ಒಳ್ಳೆಯ ಸೊಪ್ಪಿನ ಆಸೆಗೆ ಹಾಡು ಕೇಳದಷ್ಟು ದೂರ ಹೋದೆ. ಹೋಗಿದ್ದೇ ನನ್ನ ತಪ್ಪು ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಈಗ ಅನ್ನುವುದಿಲ್ಲ. ಕಸಿದವನು ಅವನು. ಹಿಂದಿನಿಂದ ಬಂದು ಕತ್ತಿ ಕಿತ್ತುಕೊಂಡು, "ನಾಳೆ ಮಧ್ಯಾಹ್ನ ಬಾ. ಒಬ್ಬಳೇ ಬಾ," ಎಂದ. ನಾನು ಅಜ್ಜಿಗೂ ಹೇಳಲಿಲ್ಲ. ಕತ್ತಿ ಹದ ಮಾಡಲು ಕೊಟ್ಟಿದ್ದೇನೆಂದು ಅತ್ತೆಗೆ ಸುಳ್ಳು ಹೇಳಿದೆ.

ಮಾರನೆ ದಿನ ಚೌಕಿಗೆ ಹೋದೆ. ಒಂದೇ ಕೋಣೆ, ಒಂದೇ ಬಾಗಿಲು. ಎದುರಿನ ಗೋಡೆಯ ಮೊಳೆಗಳಲ್ಲಿ ಐದಾರು ಕತ್ತಿಗಳು. ಎಲ್ಲ ಹೆಂಗಸರ ಕತ್ತಿ. ಕೊನೆಯದು ನನ್ನದು.

"ಅಲ್ಲಿದೆ ನೋಡು. ಒಳಗೆ ಬಂದು ತಗೋ," ಎಂದ ಗಾರ್ಡ ಮಂಚದ ಮೇಲೆ ಕೂತಲ್ಲಿಂದಲೇ.

"ಹೊರಗೆ ಬಿಸಾಡಿ ಒಡೆಯಾ."

"ನಾನೇನು ತಿಂದುಹಾಕ್ತೇನಾ?" ಎಂದು ನಕ್ಕ.

ಸುಳ್ಳು ಯಾಕೆ ಹೇಳಲಿ, ನನ್ನ ಬಲಗಾಲು ಹೊಸ್ತಿಲ ಒಳಗೆ ಇಟ್ಟಾಗಿತ್ತು. ಅಷ್ಟರಲ್ಲಿ ಅವನು ಎದ್ದ. ಎದ್ದವನು ಕತ್ತಿಯ ಕಡೆ ಹೋಗಲಿಲ್ಲ, ಬಾಗಿಲ ಕಡೆ ಬಂದ. ಅವನು ಕೈ ಹಿಡಿದದ್ದು, ನಾನು ತಿರುಗಿಸಿ ಕಿತ್ತುಕೊಂಡದ್ದು, ಬಳೆ ಒಡೆದದ್ದು, ಯಾವುದು ಮೊದಲೋ ಯಾವುದು ಆಮೇಲೋ ಇವತ್ತಿಗೂ ತಿಳಿಯದು. ಕೊಪ್ಪ ಕಾಣುವವರೆಗೆ ತಿರುಗಿ ನೋಡದೆ ಓಡಿದೆ.

ಅತ್ತೆ ಅಂಗಳದಲ್ಲಿ ಸಂತೆಗೆಂದು ಹರಿವೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು.

"ಕತ್ತಿ ಎಲ್ಲಿ?"

"ಗಾರ್ಡ ಕಸ್ಕಂಡ. ತರೂಕೆ ಹೋಗಿದ್ದೆ." ಹೊಡೆತ ಬೀಳುತ್ತದೆಂದು ತಲೆ ಬಗ್ಗಿಸಿ ನಿಂತೆ.

ಹೊಡೆತ ಬೀಳಲಿಲ್ಲ. ಅತ್ತೆ ನನ್ನ ಕೈಯ ರಕ್ತ ನೋಡಿದಳು. "ಒಳಗೆ ಹೋದ್ಯಾ?" ಎಂದಳು. ಅಂಥ ದನಿ ನಾನು ಅವಳ ಬಾಯಲ್ಲಿ ಕೇಳಿರಲೇ ಇಲ್ಲ.

"ಇಲ್ಲ ಅತ್ತೆ. ಬಾಗ್ಲಿಂದ್ಲೇ ಓಡಿ ಬಂದೆ."

ಅತ್ತೆ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಕೆಳಗಿಟ್ಟಳು. "ನಾ ಹೋಗಿದ್ದೆ," ಎಂದಳು. "ಆಗ ಬೇರೆ ಗಾರ್ಡ. ಕತ್ತಿ ಇಲ್ದೆ ಬಂದ್ರೆ ನಮ್ಮತ್ತೆ ಸುಮ್ನೆ ಬಿಡೂದಿಲ್ಲ ಅಂತ ಹೋದೆ. ಕತ್ತಿ ತಂದೆ. ಮನೇಲಿ ಯಾರೂ ಎಂತದೂ ಕೇಳ್ಲಿಲ್ಲ."

ನನಗೆ ಅಳು ಒತ್ತರಿಸಿ ಬಂತು. ಅತ್ತೆ ಅಳಲಿಲ್ಲ. ಎದ್ದು ಸೀರೆ ಕೊಡವಿ, ನನ್ನನ್ನು ಕರೆದುಕೊಂಡು ಪಕ್ಕದ ಗಂಗಿಯ ಅಂಗಳಕ್ಕೆ ಹೋದಳು. ಗಂಗಿಯ ಬಾಯಲ್ಲಿ ಒಂದು ಮಾತು ನಿಲ್ಲುವುದಿಲ್ಲವೆಂದು ಗೊತ್ತಿದ್ದೂ ಹೋದಳು.

"ಗಂಗೀ, ನಿನ್ ಸೊಸೆ ಕತ್ತಿ ಇಲ್ದೆ ಬಂದ್ರೆ ಒಂದು ಮಾತು ಅನ್ಬೇಡ."

"ಎಂತಕ್ಕೆ?"

ಎಂತಕ್ಕೆ ಅಂತ ಅತ್ತೆ ಹೇಳಿದಳು, ತಾನು ಚೌಕಿಯ ಒಳಗೆ ಹೋದದ್ದನ್ನೂ ಸೇರಿಸಿ. ನಾನು ಅವಳ ಸೆರಗು ಎಳೆದು, "ಬೇಡ ಅತ್ತೆ, ಜನ ಎಂತ ಅನ್ಕಂತಾರೆ!" ಎಂದು ಬೇಡಿಕೊಂಡೆ. ಚೌಕಿಯ ಬಾಗಿಲಲ್ಲೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಅತ್ತೆ ಕೇಳದೆ ಮುಂದಿನ ಮನೆಗೆ ನಡೆದಳು, ಅದರ ಮುಂದಿನದಕ್ಕೂ.

ಆರನೆಯ ಮನೆಯಲ್ಲಿ ಹೇಳುತ್ತಿರುವಾಗ ಮಾವ ಗದ್ದೆಯಿಂದ ಬಂದು ಬೇಲಿಯ ಹತ್ತಿರ ನಿಂತ. ಇಪ್ಪತ್ತು ವರ್ಷದಿಂದ ಅವನಿಗೆ ಗೊತ್ತಿಲ್ಲದ ಸಂಗತಿ. ಅತ್ತೆ ಅವನನ್ನು ನೋಡಿದಳು. ಮಾತು ನಿಲ್ಲಿಸಲಿಲ್ಲ.