ಮಣ್ಣುಗುಂಡಿಯ ಚಂದ್ರರು

ಅವಳನ್ನು ಎಲ್ಲರೂ ಕಡ್ಡಿಯಕ್ಕ ಎನ್ನುತ್ತಿದ್ದರು. ಮಾತಾಡಿದರೆ ಕಡ್ಡಿ ಮುರಿದ ಹಾಗೆ. ಕುಂಬಾರರ ಕೇರಿಯ ಹಿಂದಿನ ಮಣ್ಣುಗುಂಡಿಗೆ ಇಡಿಯಾಗಿ ಬೇಲಿ ಬೀಳುತ್ತದೆಂಬ ಸುದ್ದಿ ಬಂದಾಗ ಅವಳು ಮಣ್ಣು ಮಿದಿಯುತ್ತಿದ್ದಳು. ಆ ಗುಂಡಿ ಹೋದರೆ ಮೂರು ಮನೆಯ ಕಸುಬು ಹೋದಂತೆ. ಕೈಯಲ್ಲಿದ್ದ ಹಸಿಮಣ್ಣಿನ ಮುದ್ದೆಯ ಸಮೇತ, ಅತ್ತೆಯನ್ನೂ ಎಬ್ಬಿಸಿಕೊಂಡು ಹೊರಟಳು.

ಗುಂಡಿಯ ಮೂಲೆಯಲ್ಲಿ ಎರಡು ತಿಂಗಳಿಂದ ಅಗೆಯುತ್ತಿದ್ದ ಪುರಾತತ್ವದ ಮೇಷ್ಟ್ರು ಒಳ್ಳೆಯವರೇ. ಹಲ್ಲುಜ್ಜುವ ಬ್ರಷ್ಷಿನಿಂದ ನೆಲ ಗುಡಿಸುವಷ್ಟು ತಾಳ್ಮೆಯಿತ್ತು. ಪಕ್ಕದ ಮನೆಯ ಬಾಗಿಲು ತಟ್ಟಿ ಕೇಳುವಷ್ಟು ಮಾತ್ರ ಇರಲಿಲ್ಲ. ಟೆಂಟಿನ ಮೇಜಿನ ಮೇಲೆ ಸಾವಿರಾರು ವರ್ಷ ಹಳೆಯ ಮಡಕೆಚೂರುಗಳು ಸಾಲಾಗಿ ಕೂತಿದ್ದವು.

"ನೋಡಿ ಅಮ್ಮ, ಪ್ರತಿಯೊಂದರ ತಳದಲ್ಲೂ ಅರ್ಧಚಂದ್ರ. ಕೆಲವಕ್ಕೆ ಒಂದು, ಕೆಲವಕ್ಕೆ ಎರಡು, ಕೆಲವಕ್ಕೆ ಮೂರು. ಇಲ್ಲಿ ಚಂದ್ರನ ಆರಾಧನೆ ಮಾಡಿ ಮಡಕೆ ಒಡೀತಿದ್ರು. ಇಡೀ ಗುಂಡಿ ಪವಿತ್ರ ಜಾಗ. ಬೇಲಿ ಹಾಕ್ಲೇಬೇಕು."

ಅತ್ತೆ ಎರಡು ಚಂದ್ರರಿದ್ದ ಒಂದು ಚೂರನ್ನು ತಿರುಗಿಸಿ ನೋಡಿ, "ಯಾವಳೋ ದೊಡ್ಡ ಸೊಸೆ," ಎಂದಳು.

ಕಡ್ಡಿಯಕ್ಕ ಮುದ್ದೆಯನ್ನು ಮುಂದಿಟ್ಟಳು. "ಉಗುರು ಒತ್ತಿ, ಮೇಷ್ಟ್ರೇ."

ಒತ್ತಿದರು. ಚಂದ್ರ ಮೂಡಿದ.

"ನಮ್ಮದು ಒಂದೇ ಆವಿಗೆ, ಮೂರು ಮನೆಯ ಮಡಕೆ ಒಟ್ಟಿಗೇ ಸುಡ್ತೀವಿ. ಅತ್ತೆದು ಒಂದು ಉಗುರು, ದೊಡ್ಡ ಸೊಸೆ ನಾನು, ನನ್ನದು ಎರಡು, ಓರಗಿತ್ತಿದು ಮೂರು. ಗುರುತಿಲ್ದಿದ್ರೆ ಬಿರುಕು ಬಿಟ್ಟಿದ್ದೆಲ್ಲ ನನ್ನದು, ಗಟ್ಟಿ ಇರೋದೆಲ್ಲ ಅವಳದು ಆಗೋಗುತ್ತೆ!"

"ಮತ್ತೆ ಇಷ್ಟೊಂದು ಒಡೆದಿದ್ದು?"

"ಸುಡುವಾಗ ಕೆಟ್ಟಿದ್ದು. ಒಂದರ ತಳದಲ್ಲಾದ್ರೂ ಮಸಿ ಇದೆಯಾ? ಒಲೆಯ ಮುಖ ನೋಡದ ಮಡಕೆಗಳು. ಮಣ್ಣು ತೆಗೆದ ಕಡೆಗೇ ತಂದು ಸುರೀತೀವಿ, ಇವತ್ತಿಗೂ."

ಮೇಷ್ಟ್ರು ಚೂರುಗಳನ್ನು ಒಂದೊಂದಾಗಿ ಮಗುಚಿದರು. ಮಸಿ ಇರಲಿಲ್ಲ. "ವರದಿ ಕಳಿಸಿಬಿಟ್ಟಿದ್ದೀನಲ್ಲಮ್ಮ..."

"ಕಳಿಸಿದ್ದು ಕಾಗದ ತಾನೇ? ಇನ್ನೊಂದು ಬರೀರಿ. ನಾನಿಲ್ಲೇ ಕೂತಿರ್ತೀನಿ."

ಕೂತಳು. ಮಧ್ಯಾಹ್ನದ ಹೊತ್ತಿಗೆ ಹೊಸ ಕಾಗದ ಸಿದ್ಧವಾಯಿತು: ಇದು ಕುಂಬಾರರು ಕೆಟ್ಟ ಮಡಕೆ ಸುರಿದ ಜಾಗ, ಅಗೆದ ಮೂಲೆಗಷ್ಟೇ ಬೇಲಿ. ಕಡ್ಡಿಯಕ್ಕ ಎರಡು ಸಲ ಓದಿದಳು.

"ಮೂಲೆ ಅಂದ್ರೆ ಎಲ್ಲೀವರೆಗೆ? ಕಾಗದದಲ್ಲಿ ಮೂಲೆಗಳು ಬೆಳೀತವೆ." ಸುತ್ತಿಗೆ ಇಸಿದುಕೊಂಡು ಅಗೆದ ಮೂಲೆಯ ಸುತ್ತ ನಾಲ್ಕು ಗೂಟಗಳನ್ನೂ ತಾನೇ ಹೊಡೆದಳು. ಆಮೇಲೆ ಮೇಷ್ಟ್ರ ಗುದ್ದಲಿ, ಬುಟ್ಟಿಗಳನ್ನೂ ತೆಗೆದುಕೊಂಡು ಗೂಟದಾಚೆ ಇಳಿದು ಮಣ್ಣು ತುಂಬತೊಡಗಿದಳು.

ಅತ್ತೆ ಇನ್ನೂ ಆ ಚೂರನ್ನು ಹಿಡಿದುಕೊಂಡೇ ಇದ್ದಳು. "ತಳ ನೋಡು, ಎಷ್ಟು ದಪ್ಪ! ಬಿರುಕು ಬಿಡದೆ ಏನಾಗುತ್ತೆ?"

"ಅವಳ ಅತ್ತೆ ಸರಿಯಾಗಿ ಕಲಿಸಿರಲಿಲ್ಲ, ಬಿಡಿ," ಎಂದು ಕಡ್ಡಿಯಕ್ಕ ಗುದ್ದಲಿ ಎತ್ತಿದಳು.