ಆರ್ಡೆಲ್ ಅಂಚೆಕಚೇರಿಯ ಹಿಂದೆ

ಎರ್ಮಲ್ ಬೀಸಿದ ಪಿಕಾಸಿ ಬಂಡೆಗೆ ಬಡಿದು ಕಿಡಿ ಹಾರಿತು.

"ಡೆಲ್ಬರ್ಟ್ ದೊಡ್ಡಪ್ಪ ಬದುಕಿದ್ದಾಗ್ಲೂ ಮೆತ್ತಗಿರೋ ಜಾಗ ಆರಿಸ್ದೋನಲ್ಲ," ಎಂದು ಹಣೆ ಒರೆಸಿಕೊಂಡ. ಗುಂಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ಕೆಂಟಕಿಯ ಈ ಗುಡ್ಡಗಳಲ್ಲಿ ಸತ್ತವರ ಗುಂಡಿಯನ್ನು ನೆಂಟರೇ ತೋಡಬೇಕು. ಯಂತ್ರ ತರಿಸಿದರೆ ಊರು ಆಡಿಕೊಳ್ಳುತ್ತದೆ.

ಡೆಲ್ಬರ್ಟ್‌ನ ಮೊಮ್ಮಗಳು ನೆಲ್ಡಾ ಕಾಫಿಯ ಫ್ಲಾಸ್ಕು ಹಿಡಿದು ಆಗಿನಿಂದ ನಿಂತೇ ಇದ್ದಳು. ನಿನ್ನೆ ಬಂದ ಲಕೋಟೆ ಅವಳ ಕೋಟಿನ ಜೇಬಿನಲ್ಲಿತ್ತು.

"ಚಿಕ್ಕಪ್ಪ, ಇದು ಆ ಜಾಗ ಅಲ್ಲ."

"ಯಾವ ಜಾಗ?"

"ತಾತನ ಅಮ್ಮನ ಗೋರಿ ಇರೋದು."

ಪಿಕಾಸಿ ನಿಂತಿತು. ಗುಂಡಿ ಆಗಲೇ ಸೊಂಟದಾಳ ಆಗಿತ್ತು.

*

ತಾಯಿಯ ಬಗ್ಗೆ ತಾತನಿಗೆ ಗೊತ್ತಿದ್ದುದು ಒಂದೇ ಮಾತು: ಆರ್ಡೆಲ್ ಅಂಚೆಕಚೇರಿಯ ಹಿಂದಿನ ದಿಬ್ಬದಲ್ಲಿ ಹೂತಿದ್ದಾರೆ. ತಂಗಿ ಓಪಲ್‌ಳನ್ನು ಹೆತ್ತು ಆಕೆ ತೀರಿಕೊಂಡಾಗ ಅವನಿಗೆ ಐದು ವರ್ಷ. ಅಪ್ಪ ಮಕ್ಕಳನ್ನು ಕರೆದುಕೊಂಡು ಗಣಿಯ ಕಡೆ ಹೋದವನು ಮತ್ತೆ ಆ ಊರಿನ ಹೆಸರೆತ್ತಲಿಲ್ಲ. ಈಗ ಆರ್ಡೆಲ್ ಯಾವ ನಕ್ಷೆಯಲ್ಲೂ ಇಲ್ಲ. ಗಣಿ ಕೆಲಸ ಬಿಟ್ಟ ಮೇಲೆ ತಾತ ಹಳೇ ಅಂಚೆ ದಾಖಲೆಗಳ ಬೆನ್ನು ಹತ್ತಿದ. ಅವನ ಕಣ್ಣು ಮಂಜಾದ ಮೇಲೆ ಓದಿ ಹೇಳುವ ಕೆಲಸ ನೆಲ್ಡಾಳದಾಯಿತು.

"ನಿಧಾನಕ್ಕೆ ಓದು ಮಗಳೇ. ಅಂಚೆಕಚೇರಿ ಹಳ್ಳದಿಂದ ಎಷ್ಟು ದೂರ ಅಂತಿದೆ?"

"ಉತ್ತರಕ್ಕೆ ಕಾಲು ಮೈಲಿ, ತಾತ."

"ಸಿಕ್ತು ನೋಡು! ನಮ್ಮ ಅಂಚೆಕಚೇರಿಗಳು ಕೋಳಿ ಇದ್ದ ಹಾಗೆ ಕಣೇ, ಒಂದು ಕಡೆ ನಿಲ್ತಿರಲಿಲ್ಲ. ಪೋಸ್ಟ್ ಮಾಸ್ತರು ಬದಲಾದ್ರೆ ಹೊಸ ಮಾಸ್ತರ ಅಡುಗೆಮನೆಗೆ ಹೋಗಿ ಕೂರ್ತಿದ್ವು. ಹೆಸರು ಮಾತ್ರ ಅದೇ."

ಅವಳೂ ನಕ್ಕಳು. ಹಾಳೆಯ ತಳದಲ್ಲಿ, 1934ರ ಫೆಬ್ರವರಿಗೆ ಹೊಸ ಮಾಸ್ತರೆಂದು ಇನ್ನೊಬ್ಬಾಕೆಯ ಹೆಸರಿತ್ತು. ಒಲೆಯ ಮೇಲೆ ಬೀನ್ಸ್ ತಳ ಹತ್ತುವ ವಾಸನೆ ಬಂತು. ಆ ಸಾಲು ಓದದೆ ಎದ್ದು ಹೋದಳು.

ಆ ಸಾಲು ಮತ್ತೆ ಕಣ್ಣಿಗೆ ಬೀಳುವ ಹೊತ್ತಿಗೆ ತಾತ ದಿಬ್ಬ ಹತ್ತಿ, ಅಕ್ಷರವಿಲ್ಲದ ಒಂದು ಕಲ್ಲನ್ನು ತಬ್ಬಿಕೊಂಡು ಅತ್ತು, ತನ್ನನ್ನೂ ಅಮ್ಮನ ಪಕ್ಕದಲ್ಲೇ ಹೂಳಬೇಕೆಂದು ಹೇಳಿಯಾಗಿತ್ತು. ಅವನಿಗೆ ಹೇಳುವ ಧೈರ್ಯ ಬರಲಿಲ್ಲ. ಗುಟ್ಟಾಗಿ ದಾಖಲೆ ಇಲಾಖೆಗೆ ಕಾಗದ ಬರೆದಳು.

*

ಲಕೋಟೆಯಲ್ಲಿದ್ದ ಇಲಾಖೆಯ ಉತ್ತರದ ಕಾಗದವನ್ನು ಎರ್ಮಲ್ ಎರಡು ಸಲ ಓದಿದ.

"ಫೆಬ್ರವರಿಯಿಂದ ಅಂಚೆಕಚೇರಿ ಹೊಸ ಮಾಸ್ತರಮ್ಮನ ಮನೇಲಿ, ಗುಡ್ಡದಾಚೆ. ದೊಡ್ಡಪ್ಪನ ಅಮ್ಮ ಸತ್ತಿದ್ದು ಯಾವಾಗ?"

"ಅದೇ ವರ್ಷ ಅಕ್ಟೋಬರಲ್ಲಿ."

"ಗುಡ್ಡದಾಚೆ ಈಗ ಬರೀ ಹಿನ್ನೀರು."

ಅಣೆಕಟ್ಟು ಕಟ್ಟಿದಾಗ ಹೆಸರು ಕೆತ್ತಿದ್ದ ಗೋರಿಗಳನ್ನಷ್ಟೇ ಮೇಲಕ್ಕೆ ತಂದಿದ್ದರು.

"ಮತ್ತೆ ಈ ಕಲ್ಲಿನ ಕೆಳಗಿರೋದು ಯಾರು?" ಎಂದಳು ನೆಲ್ಡಾ.

"ಯಾರದೋ ಅಮ್ಮ."

"ಓಪಲ್ ಅಜ್ಜಿಗೆ ಹೇಳ್ಬೇಡ್ವಾ?"

"ಹೇಳಿ? ದೋಣೀಲಿ ಕೂರಿಸ್ಕೊಂಡು ಹೋಗಿ ನೀರು ತೋರಿಸ್ತೀಯಾ?" ಅವನು ಪಿಕಾಸಿ ಎತ್ತಿದ, ಬೀಸಲಿಲ್ಲ. "ಮೂರು ಗಂಟೆಗೆ ಪೆಟ್ಟಿಗೆ ಬರುತ್ತೆ. ನೀನೇ ಹೇಳು ಹುಡುಗಿ, ಎಲ್ಲಿ ತೋಡ್ಲಿ?"

ನೆಲ್ಡಾ ಕಾಗದ ವಾಪಸು ಇಸಿದುಕೊಂಡು, ಮಡಚಿ ಜೇಬಿಗೆ ಹಾಕಿಕೊಂಡಳು.

*

ಹಾಡು ಮುಗಿದು ಪೆಟ್ಟಿಗೆ ಇಳಿದ ಮೇಲೆ ಓಪಲ್ ಅಜ್ಜಿ ನೆಲ್ಡಾಳ ತೋಳು ಹಿಡಿದು ಕಲ್ಲಿನ ಹತ್ತಿರ ಬಂದಳು.

"ಎಂಬತ್ತೆರಡು ವರ್ಷ ಆಯ್ತು ನಂಗೆ. ಇವಳ ಮುಖ ನೋಡ್ಲಿಲ್ಲ."

"ಅಜ್ಜಿ..."

"ಏನೇ?"

"ಕಾಲು ಜಾರುತ್ತೆ, ಜೋಪಾನ."

ಮುದುಕಿ ಮೊಣಕಾಲೂರಿ, ಕರವಸ್ತ್ರಕ್ಕೆ ಉಗುಳು ಹಚ್ಚಿ, ಮಗುವಿನ ಬಾಯಿ ಒರೆಸುವ ಹಾಗೆ ಕಲ್ಲಿನ ಪಾಚಿ ಒರೆಸಿದಳು.

"ಅಮ್ಮಾ, ಡೆಲ್ಬರ್ಟ್ ಬಂದ. ಸ್ವಲ್ಪ ಸರ್ಕೊಂಡು ಜಾಗ ಬಿಡು."

ಎಲೆಯುದುರಿದ ಮರಗಳ ಸಂದಿಯಲ್ಲಿ ಗುಡ್ಡದಾಚೆಯ ನೀರು ಹೊಳೆಯುತ್ತಿತ್ತು. ಯಾರೋ ನಡುವೆ ದೋಣಿ ನಿಲ್ಲಿಸಿ, ಗಾಳ ಇಳಿಬಿಟ್ಟು, ಅಲುಗದೆ ಕೂತಿದ್ದರು.